ತಾಯಿ ಬಿಟ್ಟ ಗೊರಿಲ್ಲಾ ಮರಿಯನ್ನು ಮನುಷ್ಯರು ಸಾಕಿದರೆ ಆಮೇಲೆ ಅದು ಗುಂಪಿಗೆ ಸೇರುತ್ತಾ?

ಕಾರಂಜಿ ದಂಡೆ:
ನಮಸ್ಕಾರ ಎಲ್ಲರಿಗೂ. ಹೋದ ಭಾನುವಾರ ಮಗಳನ್ನು ಮೈಸೂರು ಝೂಗೆ ಕರೆದುಕೊಂಡು ಹೋಗಿದ್ದೆ. ಥಾಬೊ, ಡೆಂಬಾ ಇಬ್ಬರನ್ನೂ ನೋಡಿ ಬಂದಾಗಿನಿಂದ ಅವಳ ಬಾಯಲ್ಲಿ ಗೊರಿಲ್ಲಾ ಬಿಟ್ಟರೆ ಬೇರೆ ಮಾತಿಲ್ಲ. ರಾತ್ರಿ ಒಂದು ವಿಡಿಯೊ ನೋಡಿದೆವು. ಅಮೆರಿಕದ ಒಬ್ಬ ಕೀಪರ್ ಮೈಗೆ ಕಪ್ಪು ತುಪ್ಪಳದ ಅಂಗಿ ಹಾಕಿಕೊಂಡು, ಗೊರಿಲ್ಲಾ ಮರಿಯನ್ನು ಎದೆಗೆ ಅವಚಿಕೊಂಡು ಅಂಬೆಗಾಲಲ್ಲಿ ಹೋಗುತ್ತಿದ್ದರು. "ಆ ಅಂಕಲ್ಲೇ ಅದಕ್ಕೆ ಅಮ್ಮನಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟು ಪ್ರೀತಿಯಿಂದ ಸಾಕುವಾಗ ಆ ವೇಷ ಯಾಕೆ? ಮನೆಯಲ್ಲೇ ಇಟ್ಟುಕೊಂಡು ಸಾಕಿ, ದೊಡ್ಡದಾದ ಮೇಲೆ ಗುಂಪಿಗೆ ಬಿಟ್ಟರೆ ಆಗಲ್ವಾ?

ಓಹಾಯೋ ಅಕ್ಕ:
ನಾನಿರುವುದು ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ. ನಿಮ್ಮ ಮಗಳು ನೋಡಿದ ಮರಿ ಬಹುಶಃ ಗ್ಲಾಡಿಸ್ ಇರಬೇಕು. ಅವಳು ನಮ್ಮೂರಿಗೆ ಬಂದಾಗ ನನ್ನ ಮಗ ಐದು ತಿಂಗಳ ಕೂಸು. ಹಾಗಾಗಿ ಅವಳ ಸುದ್ದಿ ನನಗೆ ಮನೆಯದ್ದೇ ಅನ್ನುವ ಹಾಗಾಗಿತ್ತು.

ಗ್ಲಾಡಿಸ್ ಹುಟ್ಟಿದ್ದು 2013ರ ಜನವರಿ 29ರಂದು, ಟೆಕ್ಸಾಸ್‌ನ ಬ್ರೌನ್ಸ್‌ವಿಲ್ ಝೂನಲ್ಲಿ. ತಾಯಿಗೆ ಅದು ಚೊಚ್ಚಲು. ಮರಿಯನ್ನು ಎತ್ತಿಕೊಳ್ಳಲೇ ಇಲ್ಲ. ಫೆಬ್ರವರಿಯಲ್ಲಿ ಮರಿಯನ್ನು ಇಲ್ಲಿಗೆ ತಂದರು. ಸುಮಾರು ಹತ್ತು ಕೀಪರ್‌ಗಳು ಸರದಿ ಮೇಲೆ ಹಗಲೂ ರಾತ್ರಿ ಅವಳನ್ನು ಹೊತ್ತುಕೊಂಡಿದ್ದರು. ಗೊರಿಲ್ಲಾ ಕೂಸು ಮೊದಲ ತಿಂಗಳುಗಳಲ್ಲಿ ತಾಯಿಯ ಮೈ ಬಿಟ್ಟು ಇಳಿಯುವುದೇ ಇಲ್ಲ. ತುಪ್ಪಳ ಹಿಡಿದು ನೇತಾಡಿ ನೇತಾಡಿಯೇ ಅದರ ಕೈಗೆ ಬಲ ಬರಬೇಕು. ನಮ್ಮ ಕಾಟನ್ ಅಂಗಿ ಹಿಡಿದರೆ ಏನು ಸಿಗುತ್ತದೆ? ಅದಕ್ಕೇ ಆ ಅಂಗಿ. ನಾಲ್ಕು ಕಾಲಲ್ಲಿ ನಡೆಯಬೇಕಲ್ಲ, ಮೊಣಕಾಲಿಗೆ ಪ್ಯಾಡ್. ತೃಪ್ತಿಯಾದಾಗ ಗೊರಿಲ್ಲಾಗಳು ಗಂಟಲಲ್ಲೇ ಗುರ್ ಅನ್ನುತ್ತವೆ, ಇವರೂ ಹಾಗೇ ಗುರ್ ಅನ್ನುತ್ತಿದ್ದರು. ಮರಿ ಕೂತಲ್ಲಿಂದಲೇ ದೊಡ್ಡ ಗೊರಿಲ್ಲಾಗಳು ಕಾಣಬೇಕು, ಅವುಗಳ ವಾಸನೆ ಬರಬೇಕು.

ಮನೆಯಲ್ಲಿ ಸಾಕುವುದು ಹಿಂದೆ ಆಗಿದೆ. 1959ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಝೂನಲ್ಲಿ ಗೋಮಾ ಹುಟ್ಟಿದಳು, ಯುರೋಪಿನಲ್ಲಿ ಹುಟ್ಟಿದ ಮೊದಲ ಗೊರಿಲ್ಲಾ. ತಾಯಿ ಅಕಿಲ್ಲಾಗೆ ಮರಿಯನ್ನು ಹೇಗೆ ಹಿಡಿಯಬೇಕು ಅಂತಲೇ ತಿಳಿಯಲಿಲ್ಲ. ಝೂ ನಿರ್ದೇಶಕ ಅರ್ನ್ಸ್ಟ್ ಲಾಂಗ್ ಮನೆಗೇ ಕರೆದುಕೊಂಡು ಹೋಗಿ ಸಾಕಿದರು. ಆದರೆ 1961ರಲ್ಲಿ ಅದೇ ಅಕಿಲ್ಲಾ ಜಾಂಬೊ ಅನ್ನುವ ಮಗನನ್ನು ಹೆತ್ತು ತಾನೇ ಬೆಳೆಸಿದಳು. ಇದು ನನಗೆ ಬಹಳ ದೊಡ್ಡ ವಿಷಯ ಅನಿಸುತ್ತದೆ. ಬಾಣಂತನ ನೋಡಿಯೇ ಇಲ್ಲದ ಹೆಣ್ಣು ಮೊದಲ ಸಲ ಗಾಬರಿಯಾಗುತ್ತದೆ, ಅಷ್ಟೇ. ನಾವು ಸಾಕಿದ ಮರಿಯೂ ಬಾಣಂತನ ನೋಡದೇ ಬೆಳೆದರೆ ನಾಳೆ ಅದರ ಮರಿಗೂ ಇದೇ ಪಾಡು ಬರಬಹುದು. ಹಾಲು ಕುಡಿಸುವುದು ಕಷ್ಟವಲ್ಲ. ಎಷ್ಟು ಬೇಗ ನಮ್ಮ ಕೈಯಿಂದ ಬಿಡಿಸಿಕೊಡುತ್ತೇವೆ ಅನ್ನುವುದೇ ಕಷ್ಟ.

ಶಿರಾ ಸೀಮೆ:
ಅಕ್ಕಾ, ನಮ್ಮ ಕುರಿಯಲ್ಲೂ ಇದೇ ಕಥೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ತಬ್ಬಲಿ ಮರಿಯನ್ನು ಅಡುಗೆಮನೆಯಲ್ಲೇ ಬಾಟಲಿ ಹಾಲು ಕುಡಿಸಿ ಸಾಕಿದೆ. ದೊಡ್ಡದಾದ ಮೇಲೆ ಮಂದೆಗೆ ಬಿಟ್ಟರೆ ಮಂದೆ ಒಂದು ಕಡೆ, ಇದು ನನ್ನ ಹಿಂದೆ. ಟಗರು ತಲೆ ತಗ್ಗಿಸಿದರೆ ಪಕ್ಕಕ್ಕೆ ಸರಿಯಬೇಕು ಅಂತ ಅದಕ್ಕೆ ಗೊತ್ತೇ ಇರಲಿಲ್ಲ. ಗುದ್ದಿಸಿಕೊಂಡು ಕಾಲು ಮುರಿದುಕೊಂಡಿತು. ತಾತ ನನ್ನನ್ನು ಬೈಯಲಿಲ್ಲ. "ಮುಂದಿನ ಸಲ ರೊಪ್ಪದ ಒಳಗೇ ಕೂತು ಹಾಲು ಕುಡಿಸು" ಅಂದರು. ಗೊರಿಲ್ಲಾಗೂ ಟಗರಿನ ಥರ ಯಜಮಾನ ಇರುತ್ತಾನಲ್ಲ, ಅವನು ಸುಮ್ನೆ ಬಿಡುತ್ತಾನಾ?

ಓಹಾಯೋ ಅಕ್ಕ:
ತಾತ ಸರಿಯಾಗೇ ಹೇಳಿದ್ದಾರೆ. ಬೆನ್ನು ಬೆಳ್ಳಗಾದ ಆ ಯಜಮಾನನನ್ನು ಸಿಲ್ವರ್‌ಬ್ಯಾಕ್ ಅನ್ನುತ್ತಾರೆ. ಒಪ್ಪಿಕೊಂಡರೆ ಮರಿಗೆ ಅವನಿಗಿಂತ ದೊಡ್ಡ ಕಾವಲು ಇಲ್ಲ. ಆದರೆ ಗುರುತಿಲ್ಲದ ಮರಿಯನ್ನು ಸೀದಾ ಅವನ ಮುಂದೆ ಬಿಡಲು ಆಗಲ್ಲ. ಮೊದಲು ಜಾಲರಿ. ಆಚೆ ಈಚೆ ಕೂತು ಮೂಸುವುದು, ಬೆರಳು ತಾಗಿಸುವುದು. ಆಮೇಲೆ ಒಬ್ಬಳೇ ಸಾಕುತಾಯಿ ಗೊರಿಲ್ಲಾ ಜೊತೆ. ಅವಳ ಮಡಿಲು ಗಟ್ಟಿಯಾದ ಮೇಲೆ ಉಳಿದವರು. ದೊಡ್ಡವರು ಕೆಮ್ಮಿದ ಹಾಗೆ ಗದರಿದರೆ ಮರಿ ಅಲ್ಲೇ ನಿಲ್ಲಬಾರದು, ಓಡಿ ಹೋಗಿ ತಾಯಿಯನ್ನು ಹಿಡಿದುಕೊಳ್ಳಬೇಕು. ಇದನ್ನು ಮನುಷ್ಯರು ಎಷ್ಟೇ ಕಲಿಸಿದರೂ ಅರ್ಧವೇ.

ಗ್ಲಾಡಿಸ್‌ಗೆ ಸಾಕುತಾಯಿಯಾಗಿ ಆರಿಸಿದ್ದು ಮ್ಲಿಂಜಿಯನ್ನು. ನಾನು ಅವರಿಬ್ಬರನ್ನೂ ಹೊರಗಿನ ಹುಲ್ಲಿನ ಮೇಲೆ ನೋಡಿದೆ. ಮ್ಲಿಂಜಿ ಏನೋ ಸೊಪ್ಪು ಬಿಡಿಸಿ ತಿನ್ನುತ್ತಾ ಕೂತಿದ್ದಳು, ಮರಿ ಕಡೆ ನೋಡಲೂ ಇಲ್ಲ. ಎದ್ದಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಗ್ಲಾಡಿಸ್ ಓಡಿ ಬಂದು ಅವಳ ಸೊಂಟದ ಕೂದಲು ಹಿಡಿದು ಬೆನ್ನಿಗೇರಿದಳು. ಮ್ಲಿಂಜಿ ನಡಿಗೆ ನಿಲ್ಲಿಸಲೇ ಇಲ್ಲ. ನನ್ನ ಮಗ ತಳ್ಳುಗಾಡಿಯಲ್ಲಿ ನಿದ್ದೆ ಮಾಡುತ್ತಿದ್ದ. ನಾನು ಅಳುತ್ತಾ ನಿಂತಿದ್ದೆ.

ಕಾರಂಜಿ ದಂಡೆ:
ಓದಿ ನನಗೂ ಕಣ್ಣು ತುಂಬಿತು ಅಕ್ಕಾ. ನಾವು ಚಿಕ್ಕವರಿದ್ದಾಗ ಇಲ್ಲಿನ ಝೂನಲ್ಲಿ ಪೋಲೋ ಅನ್ನುವ ಗೊರಿಲ್ಲಾ ಇದ್ದ. 1995ರಲ್ಲಿ ಡಬ್ಲಿನ್‌ನಿಂದ ಬಂದವನು, 2014ರಲ್ಲಿ ತೀರಿಹೋಗುವವರೆಗೂ ಒಬ್ಬನೇ. ಅವನು ಕೂತಿರುತ್ತಿದ್ದುದು ಈಗ ನೆನಪಾದರೆ ಸಂಕಟ ಆಗುತ್ತದೆ. ಇನ್ನೊಂದು ಕೇಳಲಾ? ಸಾಕುತಾಯಿಗೆ ಎದೆಹಾಲು ಇರಲ್ವಲ್ಲ, ಮರಿ ಹಾಲಿಗೆ ಏನು ಮಾಡುತ್ತೆ?

ಓಹಾಯೋ ಅಕ್ಕ:
ಒಳ್ಳೆ ಪ್ರಶ್ನೆ. ಮರಿಗೆ ಮೊದಲೇ ಜಾಲರಿ ಹತ್ತಿರ ಬಂದು ಬಾಟಲಿ ಕುಡಿಯುವುದು ರೂಢಿ ಮಾಡಿಸಿರುತ್ತಾರೆ. ಗುಂಪು ಸೇರಿದ ಮೇಲೂ ಹಾಲು ಅಲ್ಲೇ ಸಿಗುತ್ತದೆ, ಒಳಗೆ ಯಾರೂ ಹೋಗಬೇಕಿಲ್ಲ. ನಮ್ಮ ರಾಜ್ಯದಲ್ಲೇ ಕ್ಲೀವ್‌ಲೆಂಡ್ ಝೂನಲ್ಲಿ ಫ್ರೆಡಿ ಅಂತ ವಯಸ್ಸಾದ ಹೆಣ್ಣು ಗೊರಿಲ್ಲಾ ಇದ್ದಳು. 2021ರಲ್ಲಿ ಕಯೆಂಬೆ ಹುಟ್ಟಿದಾಗ ಹೆತ್ತವಳಿಗೆ ಸಾಕಲು ಆಗಲಿಲ್ಲ, ಫ್ರೆಡಿ ಎತ್ತಿಕೊಂಡಳು. ಆಗ ಮರಿ ತೀರಾ ಚಿಕ್ಕದು, ತಾನಾಗಿ ಜಾಲರಿ ತನಕ ಬರಲಾರದು. ಹಾಗಾಗಿ ಕೀಪರ್‌ಗಳು ಪಾಠ ಹೇಳಿದ್ದು ಫ್ರೆಡಿಗೆ. ಆಚೆಯಿಂದ ಬಾಟಲಿ ತೋರಿಸಿದರೆ ಅವಳೇ ಮರಿಯನ್ನು ಎತ್ತಿಕೊಂಡು ಬರುತ್ತಿದ್ದಳು. ಕುಡಿದು ಮುಗಿಯುವವರೆಗೂ ಜಾಲರಿಗೆ ಹಿಡಿದುಕೊಂಡು ಕೂರುತ್ತಿದ್ದಳು.