ಪ್ಯಾರಾಸಿಟಮಾಲ್: ‘ಮಾಲ್’ ಸರಿಯೋ, ‘ಮೋಲ್’ ಸರಿಯೋ?

ಮೆಡಿಕಲ್ ಶಾಪಿನಲ್ಲಿ ಈ ತೊಂದರೆ ಇಲ್ಲ. ‘ಒಂದು ಡೋಲೋ ಕೊಡಿ’ ಅಂದರೆ ಮುಗಿಯಿತು. ಬರೆಯಲು ಕೂತಾಗಲೇ ಕೈ ತಡೆಯುವುದು. ಪ್ಯಾರಾಸಿಟಮಾಲ್, ಪ್ಯಾರಾಸಿಟಮೋಲ್, ಪ್ಯಾರಾಸೆಟಮಾಲ್ ಎಲ್ಲವೂ ಕಣ್ಣಿಗೆ ಬೀಳುತ್ತವೆ. ನನ್ನ ಓಟು ‘ಮಾಲ್’ಗೆ.

ಇದರ ಉದ್ದನೆಯ ಹೆಸರು ಪ್ಯಾರಾ-ಅಸಿಟೈಲ್-ಅಮೈನೋ-ಫಿನಾಲ್. ಅದರಲ್ಲಿ ಪ್ಯಾರಾ, ಅಸಿಟ್, ಅಮ್, ಆಲ್ ಇಷ್ಟನ್ನು ಕತ್ತರಿಸಿ ಜೋಡಿಸಿದ್ದಾರೆ. ಪ್ಯಾರಾ, ಅಸಿಟ್ ಕೂಡುವಲ್ಲಿ ಒಂದು ಅಕಾರ ಕರಗಿದೆ. ವಿದ್ಯಾಭ್ಯಾಸದಲ್ಲಿ ಆಗುವುದೂ ಇದೇ, ಸವರ್ಣದೀರ್ಘ ಸಂಧಿ ಅನ್ನಬಹುದು ಅಲ್ವಾ! ಕೊನೆಯ ‘ಆಲ್’ ಫಿನಾಲ್‌ನ ಬಾಲ. ಎಥನಾಲ್, ಮೆಥನಾಲ್ ಎಂದು ಬರೆಯುವವರು ಇಲ್ಲಿ ಮಾತ್ರ ಯಾಕೆ ‘ಮೋಲ್’ ಅನ್ನಬೇಕು?

ಅಮೆರಿಕಕ್ಕೆ ಹೋದ ನಮ್ಮವರು ಅಲ್ಲಿನ ಅಂಗಡಿಗಳಲ್ಲಿ ಈ ಹೆಸರನ್ನು ಹುಡುಕಿ ಸುಸ್ತಾಗುತ್ತಾರೆ. ಅಲ್ಲಿ ಇದು ಅಸಿಟಮಿನೋಫೆನ್. ಅದೇ ಉದ್ದನೆಯ ಹೆಸರು, ಕತ್ತರಿ ಬಿದ್ದ ಜಾಗ ಬೇರೆ: ಅಸಿಟ್, ಅಮಿನೋ, ಫೆನ್. ಟೈಲೆನಾಲ್ ಎಂಬ ಬ್ರ್ಯಾಂಡ್ ಹೆಸರೂ ಅಲ್ಲಿಂದಲೇ ಬಂದದ್ದು. ಅಸಿಟೈಲ್‌ನ ‘ಟೈಲ್’, ಫಿನಾಲ್‌ನ ‘ಎನಾಲ್’. ಹೆಸರು ಬೇರೆ ಎಂದು ಎರಡನ್ನೂ ಒಟ್ಟಿಗೆ ನುಂಗಬೇಡಿ, ಡೋಸ್ ಜಾಸ್ತಿಯಾಗಿ ಲಿವರಿಗೆ ಪೆಟ್ಟು.

ಇನ್ನು ತುಂಡುಗಳ ಮೂಲ. ಪ್ಯಾರಾ ಗ್ರೀಕ್, ‘ಪಕ್ಕ’ ಅಂತ ಅರ್ಥ. ತಮಾಷೆ ಎಂದರೆ, ಈ ಔಷಧದ ಅಣುವಿನಲ್ಲಿರುವ ಆರು ಕಾರ್ಬನ್‌ಗಳ ಉಂಗುರದಲ್ಲಿ ಅದು ಸೂಚಿಸುವುದು ಎದುರುಬದುರಿನ ಜಾಗವನ್ನು. ಅಸಿಟೈಲ್‌ನ ಬೇರು ಲ್ಯಾಟಿನ್‌ನ ‘ಅಸೀಟಮ್’, ವಿನೆಗರ್. ಫಿನಾಲ್ ಹಿಂದೆ ಇರುವುದು ‘ಬೆಳಗುವುದು’ ಎಂಬ ಅರ್ಥದ ಗ್ರೀಕ್ ಪದ. 1825ರಲ್ಲಿ ಮೈಕೆಲ್ ಫ್ಯಾರಡೆ ದೀಪ ಉರಿಸುವ ಗ್ಯಾಸಿನಿಂದ ಉಳಿದ ಎಣ್ಣೆಯಲ್ಲಿ ಇದೇ ಆರು ಕಾರ್ಬನ್‌ಗಳ ಉಂಗುರವಿರುವ ಬೆಂಜೀನ್ ಕಂಡುಹಿಡಿದ. ಆ ದೀಪದ ನೆನಪಿಗೆ ಫ್ರಾನ್ಸಿನ ಆಗಸ್ಟ್ ಲಾರೆಂಟ್ ಬೆಂಜೀನನ್ನು ‘ಫೀನ್’ ಎಂದು ಕರೆದ. ಆ ಹೆಸರು ನಿಲ್ಲಲಿಲ್ಲ, ಫಿನಾಲ್ ಉಳಿಯಿತು. ನಾವು ನೆಲ ಒರೆಸುವ ಫಿನಾಯಿಲ್ ಕೂಡ ಇದೇ ಬೇರಿನದು.

ನನಗೆ ಜಾಸ್ತಿ ಇಷ್ಟವಾದದ್ದು ಅಮೈನೋ. ಅದು ಅಮೋನಿಯದಿಂದ, ಅಮೋನಿಯ ‘ಸಾಲ್ ಅಮೋನಿಯಾಕ್’ನಿಂದ, ಅಂದರೆ ಅಮೋನ್ ದೇವರ ಉಪ್ಪು. ಈಜಿಪ್ಟಿನ ಆ ದೇವರಿಗೆ ಲಿಬಿಯನ್ ಮರುಭೂಮಿಯಲ್ಲಿ ಗುಡಿಯಿತ್ತು. ಈಗ ಸಾಲ್ ಅಮೋನಿಯಾಕ್ ಎಂದು ಕರೆಯುವ ವಸ್ತು ನಮಗೆ ಹೊಸದಲ್ಲ. ಕಲಾಯಿ ಹಾಕುವವರು ಕಾದ ಪಾತ್ರೆಗೆ ತಿಕ್ಕಿ ಬಿಳಿ ಹೊಗೆ ಎಬ್ಬಿಸುವ ನವಸಾಗರವೇ ಅದು.

‘ಸಿ’ನೋ ‘ಸೆ’ನೋ ಎಂಬುದು ಬಾಕಿ. ಅಸಿಟಿಕ್ ಆಮ್ಲ ಎಂದು ಓದಿ ಬೆಳೆದ ನನಗೆ ‘ಸಿ’ ಸರಿ ಕಾಣುತ್ತದೆ. ‘ಸೆ’ ಪರವಾಗಿ ವಾದ ಇದ್ದವರು ಹೇಳಿ.