ಪದಚರ್ಚೆ: ‘ಮಣ್ಣಿನಲ್ಲಿ ಕರಗುವ’ ಶಾಂಪೂ – ಇಲ್ಲಿ ‘ಕರಗು’ ಸರಿಯೇ?

ನಮಸ್ಕಾರ. ಶಾಂಪೂ, ಸ್ಕ್ರಬ್‌ಗಳ ಲೇಬಲ್ಲಿನ ‘ಬಯೋಡಿಗ್ರೇಡಬಲ್’ಗೆ ‘ಮಣ್ಣಿನಲ್ಲಿ ಕರಗುವ’, ‘ಜೈವಿಕ ವಿಘಟನೀಯ’ ಎಂಬ ಎರಡು ಬಳಕೆಗಳಿವೆ. ಮೊದಲನೆಯದು ಥಟ್ಟನೆ ತಿಳಿಯುತ್ತದೆ, ಎರಡನೆಯದು ನಾಲಿಗೆಗೆ ಭಾರ. ‘ಕರಗುವ’ ಎಂದೇ ಇಟ್ಟುಕೊಂಡರೆ ಅರ್ಥ ಕೆಡುತ್ತದೆಯೇ?

*

ಕೆಡುತ್ತದೆ. ‘ಕರಗು’ ಈಗಾಗಲೇ ಎರಡು ಕೆಲಸ ಮಾಡುತ್ತಿದೆ: ಬೆಣ್ಣೆ ಬಿಸಿಗೆ ಕರಗುತ್ತದೆ, ಸಕ್ಕರೆ ನೀರಿನಲ್ಲಿ ಕರಗುತ್ತದೆ. ಎರಡರಲ್ಲೂ ವಸ್ತು ಎಲ್ಲಿಗೂ ಹೋಗಿಲ್ಲ. ನೀರು ಆರಿಸಿದರೆ ಸಕ್ಕರೆ ಮತ್ತೆ ಸಿಗುತ್ತದೆ. ಲೇಬಲ್ಲು ಹೇಳಬೇಕಾದ್ದು ಬೇರೆ: ಬ್ಯಾಕ್ಟೀರಿಯಾ, ಶಿಲೀಂಧ್ರಗಳು ವಸ್ತುವನ್ನು ತಿಂದು ನೀರು, ಇಂಗಾಲದ ಡೈಆಕ್ಸೈಡ್ ಮಾಡಿ, ಉಳಿದದ್ದನ್ನು ತಮ್ಮ ಮೈಗೇ ಸೇರಿಸಿಕೊಳ್ಳುತ್ತವೆ ಎಂದು. ಅದಕ್ಕೆ ಕನ್ನಡದಲ್ಲಿ ‘ಕೊಳೆ’ ಎಂಬ ಕ್ರಿಯಾಪದವಿದೆ.

ಎರಡೂ ಎಷ್ಟು ದೂರ ಎಂಬುದಕ್ಕೆ ಡೈಸೋಡಿಯಂ ಇಡಿಟಿಎ ನೋಡಿ. ಗಡಸು ನೀರಿನ ಕ್ಯಾಲ್ಸಿಯಂ ಹಿಡಿದಿಡಲು ಶಾಂಪೂವಿಗೆ ಶೇ 0.1ರ ಆಸುಪಾಸಿನಲ್ಲಿ ಹಾಕುವ ಈ ಪುಡಿ ನೀರಿನಲ್ಲಿ ಚೊಕ್ಕವಾಗಿ ಕರಗುತ್ತದೆ, ಆದರೆ ಸುಲಭಕ್ಕೆ ಕೊಳೆಯುವುದಿಲ್ಲ. ಕೊಳಚೆನೀರಿನ ಘಟಕ ದಾಟಿ ಬಹುಪಾಲು ಹಾಗೆಯೇ ಹೊಳೆ ಸೇರುತ್ತದೆ. ಅದರ ಬದಲಿಗೆ ಬಳಸುವ ಜಿಎಲ್‌ಡಿಎ ಕರಗುತ್ತದೆ, ಕೊಳೆಯುತ್ತದೆ ಕೂಡ. ಸ್ಕ್ರಬ್‌ನಲ್ಲಿರುವ ಅಕ್ರೋಟು ಚಿಪ್ಪಿನ ಪುಡಿ ಇದಕ್ಕೆ ತದ್ವಿರುದ್ಧ: ಎಂದೂ ಕರಗದು, ನಿಧಾನವಾಗಿಯಾದರೂ ಕೊಳೆಯುತ್ತದೆ. ಪಾಲಿಥೀನ್ ಮಣಿಗಳು ಎರಡೂ ಅಲ್ಲ, ಚೂರಾಗುತ್ತವೆ ಅಷ್ಟೆ. ‘ಕರಗುವ’ ಎಂದರೆ ಇಡಿಟಿಎ ಪಾಸು, ಅಕ್ರೋಟು ಫೇಲು!

‘ಬಯೋಡಿಗ್ರೇಡಬಲ್’ ಜೊತೆಗೆ ‘ರೆಡಿಲಿ’ ಎಂಬ ವಿಶೇಷಣವೂ ಇದ್ದರೆ ಇನ್ನೂ ಎಚ್ಚರ ಬೇಕು. ಅದು ಬರೀ ‘ಸುಲಭವಾಗಿ’ ಅಲ್ಲ, ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ರೂಪಿಸಿದ, 301 ಸಂಖ್ಯೆಯ ಕೊಳೆಯುವಿಕೆ ಪರೀಕ್ಷೆಯ ದರ್ಜೆ. 28 ದಿನದಲ್ಲಿ, ಆಮ್ಲಜನಕದ ಬಳಕೆ ಅಥವಾ ಹೊರಬಂದ ಇಂಗಾಲದ ಡೈಆಕ್ಸೈಡ್ ಅಳೆದರೆ ಪೂರ್ತಿ ಕೊಳೆತಾಗಿನ ಲೆಕ್ಕದ ಶೇ 60, ನೀರಿನಲ್ಲಿ ಕರಗಿರುವ ಸಾವಯವ ಇಂಗಾಲದ ಇಳಿಕೆ ಅಳೆದರೆ ಶೇ 70 ಮುಟ್ಟಬೇಕು. ‘ಶೀಘ್ರ ಕೊಳೆಯುವ’ ಎಂದು ಒಂದೇ ರೂಪಕ್ಕೆ ಅಂಟಿಕೊಂಡರೆ ಒಳಿತು.

ಡಬ್ಬಿಯ ಮೇಲೆ ‘ಕಂಪೋಸ್ಟಬಲ್’ ಎಂದಿದ್ದರೆ ‘ಗೊಬ್ಬರವಾಗುವ’ ಸಾಕು. ಆದರೆ ಪಿಎಲ್‌ಎ (ಸಸ್ಯಮೂಲದ ಪ್ಲಾಸ್ಟಿಕ್) ಡಬ್ಬಿಗೆ ಸುಮಾರು 58 ಡಿಗ್ರಿ ಶಾಖದ ಗೊಬ್ಬರ ಘಟಕವೇ ಬೇಕು, ಹಿತ್ತಿಲ ಗುಂಡಿಯಲ್ಲಿ ಅದು ಹಾಗೇ ಕೂತಿರುತ್ತದೆ. ‘ಘಟಕದಲ್ಲಿ’ ಎಂಬ ಮಾತು ಬಿಡಬಾರದು.

*

‘ಕೊಳೆಯುವ’ ಅರ್ಥಕ್ಕೆ ಸರಿ, ಜಾಗಕ್ಕೆ ತಪ್ಪು. ನಾಮಪದವಾದಾಗ ‘ಕೊಳೆ’ ಎಂದರೆ ಶಾಂಪೂ ತೆಗೆಯಬೇಕಾದ ಜಿಡ್ಡು-ಮಣ್ಣು. ‘ಕೊಳೆಯುವ ಶಾಂಪೂ’ ಎಂದು ಓದಿದವರಿಗೆ ಸೀಸೆಯೊಳಗೇ ಹಳಸಿದ ಶಾಂಪೂ ಕಣ್ಣಿಗೆ ಬರುತ್ತದೆ. ಹಾಗಾಗದಿರಲೆಂದೇ ಸೋಡಿಯಂ ಬೆಂಜೊಯೇಟ್‌ನಂಥ ಸಂರಕ್ಷಕ ಹಾಕಿ, ಅದು ಕೆಲಸ ಮಾಡಲೆಂದು ಪಿಎಚ್ (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) 5ರ ಆಸುಪಾಸಿಗೋ ಕೆಳಕ್ಕೋ ಇಳಿಸಿರುತ್ತಾರೆ. ತಮಾಷೆಯೆಂದರೆ, ಚರಂಡಿಯಲ್ಲಿ ತೆಳುವಾದ ಮೇಲೆ ಆ ಸಂರಕ್ಷಕವೂ ಕೊಳೆತುಹೋಗುತ್ತದೆ.

ಆದ್ದರಿಂದ ವಿಶೇಷಣ ಬಿಟ್ಟು ಪೂರ್ತಿ ವಾಕ್ಯ ಬರೆಯಿರಿ. 301 ಪರೀಕ್ಷೆ ನಡೆಯುವುದು ಒಂದೊಂದು ರಾಸಾಯನಿಕಕ್ಕೆ, ಇಡೀ ಶಾಂಪೂವಿಗಲ್ಲ. ಕರ್ತೃಪದವೂ ಅದಕ್ಕೆ ತಕ್ಕಂತೆ ಇರಲಿ: ‘ಇದರ ನೊರೆಕಾರಕಗಳು ತೊಳೆದುಹೋದ ಮೇಲೆ ನೀರಿನಲ್ಲಿ ಬೇಗ ಕೊಳೆಯುತ್ತವೆ.’ ಒಂದು ಸಾಲು ಹೆಚ್ಚು ಜಾಗ ಬೇಕು, ಅಷ್ಟೆ.