ದುಡಿದ ಸಂಬಳಕ್ಕೆ ತೆರಿಗೆ, ಬಳುವಳಿಯಾಗಿ ಬಂದ ತೋಟಕ್ಕೆ ಇಲ್ಲ. ನ್ಯಾಯವೇ?

ಪ್ರಶ್ನೆ (ಗೋಣಿಕೊಪ್ಪ):
ಅಪ್ಪ ಅಮ್ಮ ಪಾಲಿಬೆಟ್ಟದ ಕಡೆ ಲೈನ್ ಮನೆಯಲ್ಲಿ (ಕೂಲಿಯವರ ಸಾಲುಮನೆ) ಇದ್ದು ತೋಟದ ಕೆಲಸ ಮಾಡಿದವರು. ನಾನು ಓದಿ ಬ್ಯಾಂಕ್ ಆಫೀಸರ್ ಆದೆ. ಸಂಬಳ ಕೈಸೇರುವ ಮೊದಲೇ ಟಿಡಿಎಸ್ ಎಂದು ಆದಾಯ ತೆರಿಗೆ ಕಡಿತ. ಜೊತೆಗೆ ಓದಿದವನಿಗೆ ಕಳೆದ ವರ್ಷ ಅಜ್ಜನ ನಲವತ್ತು ಎಕರೆ ರೊಬಸ್ಟಾ ಕಾಫಿ ತೋಟ ಬಂತು. ಪಡೆದದ್ದಕ್ಕೆ ಒಂದು ರೂಪಾಯಿ ತೆರಿಗೆಯಿಲ್ಲ. ಒಳ್ಳೆಯ ಹುಡುಗ, ಹೊಟ್ಟೆಕಿಚ್ಚಿಲ್ಲ. ಆದರೆ ಆ ಗಿಡಗಳ ಚಿಗುರು ತೆಗೆದು ತೆಗೆದು ಅಮ್ಮನ ಬೆರಳು ಸೊಟ್ಟಗಾಗಿವೆ.

ಉತ್ತರ (ವಿರಾಜಪೇಟೆ, ಬೆಳೆಗಾರ):
ಅಣ್ಣ, ತೋಟವೆಂದರೆ ಕೈಯಲ್ಲಿರುವ ಹಣವಲ್ಲ. ನಮ್ಮದು ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ತಲೆಮಾರಿನಿಂದ ಬಂದ ಜಮೀನು. ಒಕ್ಕದವರ (ಕುಲದವರ) ಹೆಸರೆಲ್ಲ ಪಹಣಿಯಲ್ಲಿದೆ. ತೆರಿಗೆ ಕಟ್ಟಲು ಯಾವ ಮೂಲೆ ಮಾರಲಿ? ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದ ವರ್ಷ, ಆನೆ ನುಗ್ಗಿದ ವರ್ಷ ಕೂಲಿ ಕೊಡುವುದೇ ಕಷ್ಟ.

ಉತ್ತರ (ಮಡಿಕೇರಿ, ತೆರಿಗೆ ಲೆಕ್ಕ ನೋಡುವವಳು):
ಇಂಥ ತೆರಿಗೆ ಇತ್ತು. 1953ರ ಎಸ್ಟೇಟ್ ಡ್ಯೂಟಿ ಕಾಯ್ದೆ, ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ. ಮೇಲಿನ ಹಂತಕ್ಕೆ ಶೇ. 85ರವರೆಗೆ ದರ. ವಸೂಲಿ ಕಡಿಮೆ, ತಗಾದೆ ಹೆಚ್ಚು ಎಂದು 1985ರಲ್ಲಿ ತೆಗೆದರು. ಸಂಪತ್ತಿನ ತೆರಿಗೆಯೂ 2015ರಲ್ಲಿ ಹೋಯಿತು. ಬೆಳೆಗಾರರೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹದಮಾಡುವುದು) ಮಾಡಿ ಮಾರಿದ ಕಾಫಿಯ ಆದಾಯದಲ್ಲಿ ಶೇ. 25 ಮಾತ್ರ ಕೇಂದ್ರದ ಆದಾಯ ತೆರಿಗೆ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಅಕ್ಕ. ಶೇ. 85 ಅನ್ಯಾಯವೇ, ಒಪ್ಪಿದೆ. ಐದು ಹತ್ತು ಎಕರೆಯವರನ್ನು ಪೂರ್ತಿ ಬಿಡಲಿ. ದೊಡ್ಡ ಆಸ್ತಿಗೆ ಸಣ್ಣ ದರ, ಹತ್ತು ವರ್ಷದ ಕಂತು, ಬೆಳೆ ಕೈಕೊಟ್ಟ ವರ್ಷ ವಿನಾಯಿತಿ. ಇಷ್ಟಾದರೆ ಜಾಗ ಮಾರಬೇಕಿಲ್ಲವಲ್ಲ, ಅಣ್ಣ?